ಕ್ರೌಂಚಗಳೂ ಜೌಗುನೆಲವೂ

ಕೆರೆಯಂಚಿನಲ್ಲಿ ನಿಂತ ನೀಳಗೊರಳಿನ ಹಕ್ಕಿಯನ್ನು ಕಂಡೊಡನೆ ನಾವು ‘ಕೊಕ್ಕರೆ’ ಎಂದುಬಿಡುತ್ತೇವೆ. ಆದರೆ ಕ್ರೌಂಚಗಳ ಕುಲವೇ ಬೇರೆ. ಬಕಪಕ್ಷಿಯು ಹಾರುವಾಗ ಕೊರಳನ್ನು ಮಡಿಸಿಕೊಳ್ಳುತ್ತದೆ. ಕ್ರೌಂಚವು ಅದನ್ನು ನೇರವಾಗಿ ಮುಂದಕ್ಕೆ ಚಾಚುತ್ತದೆ. ಅದರ ಹಿಂಬೆರಳು ಚಿಕ್ಕದಾಗಿ ಮೇಲೆದ್ದಿರುವುದರಿಂದ, ಆಫ್ರಿಕದ ಕಿರೀಟಕ್ರೌಂಚಗಳನ್ನು ಬಿಟ್ಟರೆ, ಈ ಕುಲದ ಹಕ್ಕಿಗಳು ಮರದ ಕೊಂಬೆಯನ್ನು ಹಿಡಿದು ಕೂಡಲಾರವು. ಲೋಕದಲ್ಲಿರುವ ೧೫ ಜಾತಿಗಳಲ್ಲಿ ಹೆಚ್ಚಿನವು ಆಳವಿಲ್ಲದ ನೀರಿನ ನಡುವೆ ಹುಲ್ಲು ಜೊಂಡುಗಳನ್ನು ಒಟ್ಟಿ ಗೂಡು ಮಾಡುತ್ತವೆ. ಸುತ್ತಣ ನೀರೇ ಆ ಗೂಡಿಗೆ ಕಂದಕ. ಇಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ. ಅನೇಕ ವೇಳೆ ಬದುಕುವುದು ಒಂದೇ ಮರಿ. ಆದಕಾರಣ ಇವುಗಳ ಸಂಖ್ಯೆ ಒಮ್ಮೆ ಕುಗ್ಗಿದರೆ ಮತ್ತೆ ತುಂಬಲು ಬಹುಕಾಲ ಬೇಕು.

ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವ ಎಂಬ ಜೌಗುಪ್ರದೇಶವಿದೆ. ಅದು ನಮ್ಮ ಕೆರೆಗಳಂತೆಯೇ ಮನುಷ್ಯನು ಕಟ್ಟೆ ಹಾಕಿ ನೀರು ನಿಲ್ಲಿಸಿದುದರ ಫಲ. ಪಶ್ಚಿಮ ಸೈಬೀರಿಯದ ಓಬ್ ನದೀಪ್ರಾಂತದಿಂದ ೪೦೦೦ ಕಿಲೋಮೀಟರಿಗೂ ಹೆಚ್ಚು ದೂರ ಹಾರಿ ಶ್ವೇತಕ್ರೌಂಚಗಳು ಚಳಿಗಾಲದಲ್ಲಿ ಅಲ್ಲಿಗೆ ಬಂದು, ನೀರಿನಡಿಯ ಗೆಡ್ಡೆಗಳನ್ನು ಅಗೆದು ತಿನ್ನುತ್ತಿದ್ದವು. ೧೯೬೦ರ ದಶಕದಲ್ಲಿ ಅವು ಸುಮಾರು ೨೦೦ ಇದ್ದವು. ಭರತಪುರವು ರಾಷ್ಟ್ರೀಯ ಉದ್ಯಾನವಾಯಿತು. ೧೯೮೫ರಲ್ಲಿ ವಿಶ್ವಪರಂಪರೆಯ ತಾಣವೆನಿಸಿತು. ಆದರೂ ೨೦೦೨ರ ತರುವಾಯ ಒಂದು ಶ್ವೇತಕ್ರೌಂಚವೂ ಅಲ್ಲಿಗೆ ಬರಲಿಲ್ಲ.

ಇದೇಕೆ ಹೀಗಾಯಿತು? ತಂಗುದಾಣವನ್ನು ಕಾದೆವು, ದಾರಿಯನ್ನು ಕಾಯಲಿಲ್ಲ. ಅಫಘಾನಿಸ್ತಾನ, ಪಾಕಿಸ್ತಾನಗಳ ಮೇಲೆ ಹಾದುಬರುವಾಗ ಅವು ಬೇಟೆಗೆ ಈಡಾದವು. ನಡುವೆ ಇಳಿದು ದಣಿವಾರಿಸಿಕೊಳ್ಳುವ ನೀರುದಾಣಗಳೂ ಕ್ಷೀಣಿಸಿದವು. ದಾರಿಯ ದೇಶಗಳು ರಕ್ಷಣೆಯ ಒಪ್ಪಂದಕ್ಕೆ ಮುಂದಾದುದು ೧೯೯೩ರಲ್ಲಿ. ಆ ವೇಳೆಗೆ ಭರತಪುರದ ಹಿಂಡು ಬೆರಳೆಣಿಕೆಗೆ ಇಳಿದಿತ್ತು. ಇಂದು ಈ ಜಾತಿಯ ಬಹುತೇಕ ಹಕ್ಕಿಗಳು ಚಳಿಗಾಲದಲ್ಲಿ ಚೀನಾದ ಪೊಯಾಂಗ್ ಸರೋವರಪ್ರಾಂತವನ್ನೇ ನಂಬಿವೆ.

ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. ಉತ್ತರ ಅಮೆರಿಕದ ಕೂಗುಕ್ರೌಂಚಗಳು ೧೯೪೧ರಲ್ಲಿ ೨೦ಕ್ಕೆ ತುಸು ಮೇಲ್ಪಟ್ಟು ಮಾತ್ರ ಉಳಿದಿದ್ದವು. ವಲಸೆಹಕ್ಕಿಗಳ ರಕ್ಷಣೆಗಾಗಿ ಅಮೆರಿಕ, ಕೆನಡಗಳ ನಡುವೆ ೧೯೧೬ರಿಂದಲೇ ಒಡಂಬಡಿಕೆಯಿತ್ತು. ಟೆಕ್ಸಾಸಿನ ಅರಾನ್ಸಾಸ್ ಎಂಬಲ್ಲಿ ಅವು ಚಳಿಗಾಲ ಕಳೆಯುವ ಕಡಲಂಚಿನ ಜೌಗನ್ನು ೧೯೩೭ರಲ್ಲಿ ಮೀಸಲಿಟ್ಟರು. ಅವು ಗೂಡುಕಟ್ಟುವ ಸ್ಥಳ ೧೯೫೪ರಲ್ಲಿ ತಿಳಿದುಬಂದಾಗ, ಅದು ಕೆನಡದ ಸಂರಕ್ಷಿತ ಉದ್ಯಾನವೊಂದರೊಳಗೇ ಇದ್ದುದು ಭಾಗ್ಯವೇ ಸರಿ. ದಾರಿಯ ಎರಡು ತುದಿಗಳೂ ಭದ್ರವಾದುವು. ಈಗ ಆ ಒಂದು ಹಿಂಡಿನಲ್ಲೇ ೫೦೦ಕ್ಕೂ ಹೆಚ್ಚು ಹಕ್ಕಿಗಳಿವೆ.

ನಮ್ಮ ನಾಡಿಗೂ ಇದರ ಸಂಬಂಧವಿದೆ. ಮಧ್ಯ ಏಷ್ಯದ ಹುಲ್ಲುಗಾವಲುಗಳ ಕಿರುಕ್ರೌಂಚಗಳು ಇಂದಿಗೂ ಚಳಿಗಾಲದಲ್ಲಿ ಬೀದರ ಸೀಮೆಯ ಜಲಾಶಯಗಳ ಅಂಚಿಗೆ ಬರುತ್ತವೆ. ಹಕ್ಕಿಯ ಕಣ್ಣಿಗೆ ರಾಜ್ಯದ ಗಡಿಯಾಗಲಿ ದೇಶದ ಗಡಿಯಾಗಲಿ ಕಾಣದು. ಕಾಣುವುದು ನೀರು ಮಾತ್ರ. ಕೆರೆಯ ಹಿಂಬದಿಯ ಕೆಸರುನೆಲವನ್ನು ಪಾಳೆಂದು ತಿಳಿದು ಮಣ್ಣು ತುಂಬುವ ಮುನ್ನ ಹಿರಿಯರು ಒಮ್ಮೆ ಆಲೋಚಿಸಬೇಕು. ವಿದ್ಯಾರ್ಥಿಗಳಾದರೋ ಊರ ಕೆರೆಗೆ ಬರುವ ಹಕ್ಕಿಗಳನ್ನು ದೂರದಿಂದಲೇ ನೋಡಿ, ಯಾವ ದಿನ ಯಾವ ಹಕ್ಕಿ ಎಷ್ಟು ಬಂದಿತ್ತೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಎಣಿಸುವವರಿದ್ದರೆ ಕಡಿಮೆಯಾದುದು ಬೇಗನೆ ತಿಳಿಯುತ್ತದೆ. ಬೇಗನೆ ತಿಳಿದರೆ ಉಳಿಸಿಕೊಳ್ಳಲು ಅವಕಾಶವಿರುತ್ತದೆ.