ಕಂದನ ಮೊದಲ ಪಯಣ: ಆಸ್ಪತ್ರೆಯಿಂದ ಮನೆಯವರೆಗೆ

ಮನೆಯಲ್ಲಿ ತೊಟ್ಟಿಲು ಸಿದ್ಧವಾಗಿರುತ್ತದೆ. ಬಾಣಂತಿಯ ಕೋಣೆಯಲ್ಲಿ ಬೆಚ್ಚನೆಯ ಹಾಸಿಗೆ, ಅಂಟಿನುಂಡೆ, ಬಿಸಿನೀರು ಎಲ್ಲವೂ ಅಣಿಯಾಗಿರುತ್ತವೆ. ಆದರೆ ಆಸ್ಪತ್ರೆಯಿಂದ ಆ ತೊಟ್ಟಿಲವರೆಗಿನ ದಾರಿಯನ್ನು ಕುರಿತು ಎಷ್ಟೋ ಕುಟುಂಬಗಳು ಬಿಡುಗಡೆಯ ದಿನದವರೆಗೂ ಯೋಚಿಸುವುದಿಲ್ಲ. ವೈದ್ಯರು ‘ಇಂದು ಹೋಗಬಹುದು’ ಎಂದೊಡನೆ ಕೈಗೆ ಸಿಕ್ಕಿದ ವಾಹನದಲ್ಲಿ ಹೊರಟುಬಿಡುತ್ತಾರೆ. ಸ್ವಂತ ಕಾರಿಲ್ಲದವರೂ ಮಗುವನ್ನು ಸುರಕ್ಷಿತವಾಗಿ ಮನೆಗೆ ತರಬಹುದು. ಅದಕ್ಕೆ ಹೆರಿಗೆಗೆ ಮುನ್ನವೇ ಏರ್ಪಾಡು ಮಾಡಿಕೊಂಡಿರಬೇಕು.

ದಾರಿಯಲ್ಲಿ ಶಿಶುವಿಗೆ ಮುಖ್ಯವಾಗಿ ಮೂರು ಅಪಾಯಗಳಿವೆ. ಮೊದಲನೆಯದು ಚಳಿ. ನವಜಾತ ಶಿಶುವಿಗೆ ನಡುಗಿ ಮೈ ಬೆಚ್ಚಗಾಗಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಗಾಳಿ ಬಡಿದರೆ ಮೈಶಾಖ ಬೇಗನೆ ಇಳಿಯುತ್ತದೆ. ಎರಡನೆಯದು ಉಸಿರಾಟದ ತೊಂದರೆ. ಶಿಶುವಿನ ಕತ್ತು ನಿಲ್ಲುವುದಿಲ್ಲ. ಗದ್ದ ಎದೆಗೆ ಒತ್ತಿಕೊಂಡರೆ ಶ್ವಾಸನಾಳ ಮಡಿಸಿದಂತಾಗಿ ಉಸಿರು ಕಟ್ಟಬಹುದು. ಮೂರನೆಯದು ಅಪಘಾತ. ವೇಗದ ವಾಹನ ಡಿಕ್ಕಿಯಾಗಿ ನಿಂತಾಗ ಮೂರು ಕಿಲೋ ತೂಕದ ಮಗು ಆ ಕ್ಷಣಕ್ಕೆ ಹತ್ತಾರು ಕಿಲೋ ಭಾರವಾಗಿ ಎಳೆಯುತ್ತದೆ. ಯಾವ ತಾಯಿಯ ತೋಳೂ ಅದನ್ನು ತಡೆಯಲಾರದು.

ಯಾವ ವಾಹನ?

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದವರಿಗೆ ಮನೆಯವರೆಗೆ ಉಚಿತ ವಾಹನ ಪಡೆಯುವ ಹಕ್ಕಿದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಈ ಸೌಲಭ್ಯ ಸೇರಿದೆ. ನಮ್ಮ ರಾಜ್ಯದಲ್ಲಿ ಇದೇ ಕೆಲಸಕ್ಕೆ ‘ನಗು-ಮಗು’ ವಾಹನಗಳಿವೆ. ಬಿಡುಗಡೆಯ ಹಿಂದಿನ ದಿನವೇ ಶುಶ್ರೂಷಕಿಯರಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ಕೇಳಿ ಗೊತ್ತುಮಾಡಿಕೊಳ್ಳಬೇಕು. ಕೇಳಲು ಸಂಕೋಚ ಬೇಡ.

ಅದು ದೊರೆಯದಿದ್ದರೆ ಬಾಡಿಗೆ ಕಾರು ಉತ್ತಮ. ಹಿಮ್ಮುಖವಾಗಿ ಕಟ್ಟುವ ಶಿಶು ಆಸನವನ್ನು ಬಂಧುಗಳಿಂದ ಎರವಲು ತರಲು ಸಾಧ್ಯವಾದರೆ ಅದಕ್ಕಿಂತ ಸುರಕ್ಷಿತವಾದುದು ಬೇರಿಲ್ಲ. ಇಲ್ಲವಾದರೆ ತಾಯಿ ಹಿಂದಿನ ಆಸನದಲ್ಲಿ ಕುಳಿತು ಬೆಲ್ಟನ್ನು ತಾನು ಮಾತ್ರ ಧರಿಸಬೇಕು. ತಾಯಿ ಮಗು ಇಬ್ಬರನ್ನೂ ಒಂದೇ ಬೆಲ್ಟಿನಿಂದ ಬಿಗಿದರೆ ಡಿಕ್ಕಿಯಾದಾಗ ತಾಯಿಯ ಭಾರಕ್ಕೆ ಮಗು ಸಿಲುಕುತ್ತದೆ. ಮುಂದಿನ ಆಸನದಲ್ಲಿ ಮಗುವನ್ನು ಹಿಡಿದು ಕೂರಲೇಬಾರದು.

ಆಟೋ ಆದರೆ ತಾಯಿ ನಡುವೆ, ಇಬ್ಬದಿಯಲ್ಲಿ ಹಿರಿಯರು ಕೂರಲಿ. ಗಾಳಿ ಬರುವ ಬದಿಗೆ ಪರದೆ ಇಳಿಬಿಡಲಿ. ಬಸ್ಸಾದರೆ ಜನಸಂದಣಿ ಇಲ್ಲದ ಹೊತ್ತು ನೋಡಿ, ಹಿಂದಿನ ಸಾಲು ಬಿಟ್ಟು ನಡುವಿನ ಆಸನದಲ್ಲಿ ಕೂರಬೇಕು. ಚಾಲಕರಿಗೆ ‘ಹಸುಗೂಸು ಇದೆ, ನಿಧಾನವಾಗಿ ನಡೆಸಿರಿ’ ಎಂದು ಹೊರಡುವ ಮುನ್ನವೇ ಹೇಳಬೇಕು.

ದ್ವಿಚಕ್ರ ವಾಹನ ಮಾತ್ರ ಬೇಡವೇ ಬೇಡ. ಹಸುಗೂಸಿಗೆ ಹೊಂದುವ ಹೆಲ್ಮೆಟ್ ಇಲ್ಲ. ಹೊಲಿಗೆ ಮಾಗದ ಬಾಣಂತಿ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಆಸರೆ ಹಿಡಿದು ಕೂರುವುದು ಇಬ್ಬರ ಜೀವಕ್ಕೂ ಎರವು. ‘ಊರು ಇಲ್ಲೇ ಹತ್ತಿರ’ ಎಂಬ ಮಾತಿಗೆ ಹಿರಿಯರು ಒಪ್ಪಬಾರದು.

ಮಗುವನ್ನು ಹಿಡಿಯುವ ಬಗೆ

ತಲೆಗೆ ಕುಲಾವಿ, ಕಾಲಿಗೆ ಚೀಲ, ಮೈಗೆ ಎರಡು ಮೂರು ಪದರ ಹತ್ತಿಬಟ್ಟೆ ಸಾಕು. ಮಗುವನ್ನು ತಾಯಿಯ ಎದೆಗೆ ನೇರವಾಗಿ ಒರಗಿಸಿ, ಮುಖ ಒಂದು ಬದಿಗೆ ತಿರುಗಿಸಿ, ಗದ್ದ ಮೇಲೆತ್ತಿರುವಂತೆ ಹಿಡಿಯಬೇಕು. ಮೂಗು ಬಾಯಿ ಸದಾ ಕಣ್ಣಿಗೆ ಕಾಣುತ್ತಿರಲಿ. ದೃಷ್ಟಿಯಾದೀತೆಂದು ಮುಖದ ಮೇಲೆ ಸೆರಗು ಮುಚ್ಚಬಾರದು. ಅರ್ಧ ಗಂಟೆಗೊಮ್ಮೆ ಕೈಯ ಹಿಂಬದಿಯಿಂದ ಹೊಟ್ಟೆ ಮತ್ತು ಪಾದ ಮುಟ್ಟಿ ನೋಡಬೇಕು. ಎರಡೂ ಬೆಚ್ಚಗಿದ್ದರೆ ಕ್ಷೇಮ. ಪಾದ ತಣ್ಣಗಾಗಿ ಹೊಟ್ಟೆ ಬೆಚ್ಚಗಿದ್ದರೆ ತಾಯಿಯ ಮೈಗೆ ಮಗುವಿನ ಮೈ ತಾಗಿಸಿ ಮೇಲೆ ಶಾಲು ಹೊದಿಸಬೇಕು. ಹೊಟ್ಟೆಯೂ ತಣ್ಣಗಿದ್ದರೆ ಹೀಗೆಯೇ ಬೆಚ್ಚಗಿರಿಸಿಕೊಂಡು ಹತ್ತಿರದ ಆಸ್ಪತ್ರೆಗೆ ತಿರುಗಬೇಕು.

ಹೊರಡುವ ಮುನ್ನ

ಸಹಜ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲಿರುವುದು ಒಳ್ಳೆಯದು. ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಲಸಿಕೆಗಳು ಆಗಿವೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಬೇಕು. ಮಗುವಿಗೆ ಹಾಲೂಡಿಸಿ, ತೇಗು ಬರಿಸಿ ಹಗಲಿನಲ್ಲೇ ಹೊರಡಬೇಕು. ರಾಹುಕಾಲ ಕಳೆಯಲೆಂದು ಕಾಯುತ್ತ ಕತ್ತಲು ಮಾಡಿಕೊಳ್ಳುವುದು ಸಲ್ಲದು; ಶಿವನನ್ನು ನೆನೆದ ಗಳಿಗೆಯೇ ಒಳ್ಳೆಯ ಗಳಿಗೆಯೆಂಬುದು ಶರಣರ ನಿಲುವು. ದೂರದ ದಾರಿಯಾದರೆ ಎರಡು ಗಂಟೆಗೊಮ್ಮೆ ವಾಹನ ನಿಲ್ಲಿಸಿ ಹಾಲೂಡಿಸಬೇಕು.

ಮಗು ಹಾಲು ಕುಡಿಯಲೊಲ್ಲದಿದ್ದರೆ, ಎಬ್ಬಿಸಿದರೂ ಎಚ್ಚರಗೊಳ್ಳದಿದ್ದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡುತ್ತಿದ್ದರೆ, ಪಕ್ಕೆ ಒಳಸೆಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ ಅಥವಾ ಸೆಳವು ಬಂದರೆ ಮನೆ ಮುಟ್ಟುವವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು.

ಮನೆ ಸೇರಿದ ಮೇಲೆ ಬಾಗಿಲಲ್ಲಿ ಧೂಪದ ಹೊಗೆ, ನೆಂಟರ ಗುಂಪು ಬೇಡ. ಆರತಿ ಬೆಳಗಿ ತಾಯಿ ಮಗುವನ್ನು ನೇರವಾಗಿ ಬೆಚ್ಚನೆಯ ಕೋಣೆಗೆ ಕರೆದೊಯ್ಯಿರಿ. ಆಶಾ ಕಾರ್ಯಕರ್ತೆ 42ನೆಯ ದಿನದವರೆಗೆ ಹಲವು ಸಲ ಮನೆಗೆ ಬಂದು ಮಗುವನ್ನು ನೋಡುತ್ತಾರೆ. ಅವರನ್ನು ಆದರದಿಂದ ಬರಮಾಡಿಕೊಳ್ಳಿರಿ. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಗರ್ಭಿಣಿಯಿದ್ದರೆ, ಮಗುವನ್ನು ಯಾವ ವಾಹನದಲ್ಲಿ ಕರೆತರುವಿರೆಂದು ಈ ತಿಂಗಳೇ ಕೇಳಿರಿ.