ಮೈದಾನ ಮೊದಲು, ಗ್ಯಾಲರಿ ಆಮೇಲೆ

ಕಾಲೇಜಿನ ಹಳೇ ಫುಟ್ಬಾಲ್ ಸ್ಟೇಡಿಯಂ ಹೊಸದಾಗಬೇಕು ಅಂದ್ರೆ ನಾವೆಲ್ಲ ಕೇಳೋದು ಫ್ಲಡ್‌ಲೈಟು, ಗ್ಯಾಲರಿ. ಮೊದಲು ನೋಡಬೇಕಾದ್ದು ನೀರು. 105 ಮೀಟರ್ ಉದ್ದ, 68 ಮೀಟರ್ ಅಗಲದ ಅಂಕಣದ ಮೇಲೆ ಬರೀ 10 ಮಿ.ಮೀ. ಮಳೆ ಬಿದ್ದರೂ 71,400 ಲೀಟರ್! ಕಂಪ್ಲಿ ಕಡೆಯ ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತೆ. ಅದರಲ್ಲಿ ಬೂಟು ಸಿಕ್ಕರೆ ಕಾಲು ಉಳುಕಿದ ಹಾಗೇ. ಅಂಥ ಮಣ್ಣಿದ್ದರೆ ಮೇಲಿನದ್ದು ತೆಗೆದು, ತೂತಿನ ಪೈಪು ಹೂತು, ಜಲ್ಲಿ, ಮರಳು ಹಾಸಿ, ನಡುವಿನಿಂದ ಅಂಚಿಗೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಡಬೇಕು. ಅಂದ್ರೆ 34 ಮೀಟರಿಗೆ 34 ಸೆಂ.ಮೀ. ಪ್ಲಾಸ್ಟಿಕ್ ಹುಲ್ಲು? ಹೊಸಪೇಟೆ ಬಿಸಿಲಿಗೆ ಅದು ದೋಸೆ ಕಾವಲಿ.

ಇನ್ನು ಗ್ಯಾಲರಿ. ಹಂಪಿಯ ಮೆಟ್ಟಿಲು ಪುಷ್ಕರಣಿಯಲ್ಲಿ ಯಾವ ಕಲ್ಲು ಎಲ್ಲಿ ಕೂರಬೇಕು ಅನ್ನೋ ಗುರುತು ಕಲ್ಲಿನ ಮೇಲೇ ಇದೆ. ಪ್ರೀಕಾಸ್ಟ್ ಮೆಟ್ಟಿಲಿಗೆ ನಾವು ನಂಬರ್ ಹಾಕೋದೂ ಅದೇ ಲೆಕ್ಕ.