ಕುಲುಮೆಯ ತಾಳ್ಮೆ

ಕುಂಬಾರನು ಹಲವು ದಿನ ತಿಗರಿಯ ಮುಂದೆ ಕುಳಿತು ಮಾಡಿದ ಮಡಕೆಗಳನ್ನು ಒಂದು ದಿನ ಆವಿಗೆಗೆ ಒಪ್ಪಿಸುತ್ತಾನೆ. ಬೆಂಕಿಯಿಟ್ಟ ಮೇಲೆ ನಡುವೆ ಕೈಹಾಕುವಂತಿಲ್ಲ. ಬಿಸಿಯಾರುವ ಮೊದಲೇ ತೆರೆದರೆ ಮಡಕೆಗಳು ಬಿರುಕುಬಿಟ್ಟು, ಅಷ್ಟೂ ದಿನಗಳ ದುಡಿಮೆ ವ್ಯರ್ಥವಾಗುತ್ತದೆ. ‘ಬೇಯುವ ತನಕ ಕಾದವನಿಗೆ ಆರುವ ತನಕ ಕಾಯಲಾಗದೆ?’ ಎಂಬ ಗಾದೆ ಅಡುಗೆಮನೆಗಷ್ಟೇ ಅಲ್ಲ, ಆವಿಗೆಗೂ ಸಲ್ಲುತ್ತದೆ.

ಒಂದು ಒಬ್ಬೆಯಷ್ಟು ಸರಕನ್ನು ತುಂಬಿ, ಕಾಯಿಸಿ, ಹೊರತೆಗೆದ ಬಳಿಕವೇ ಮತ್ತೊಂದು ಒಬ್ಬೆಯನ್ನು ತುಂಬುವ ಇಂತಹ ಕುಲುಮೆಗಳು ಇಂದಿನ ಕಾರ್ಖಾನೆಗಳಲ್ಲಿಯೂ ಇವೆ. ಅವನ್ನು ಬ್ಯಾಚ್ ಕುಲುಮೆಗಳೆನ್ನುತ್ತಾರೆ.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಹಿಂದೆ ಮೈಸೂರು ಸೀಮೆಯ ಕುಶಲಕರ್ಮಿಗಳು ಹೀಗೆಯೇ ಉಕ್ಕನ್ನು ತಯಾರಿಸುತ್ತಿದ್ದರು. ಮೂಸೆಯೆಂಬ ಚಿಕ್ಕ ಮಣ್ಣಿನ ಪಾತ್ರೆಯಲ್ಲಿ ಕಬ್ಬಿಣದ ತುಂಡನ್ನೂ ತಂಗಡಿಯ ಕಟ್ಟಿಗೆಯನ್ನೂ ಹಸಿರೆಲೆಗಳನ್ನೂ ಇಟ್ಟು, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಹಲವು ಮೂಸೆಗಳನ್ನು ಇದ್ದಿಲಿನ ಕುಲುಮೆಯಲ್ಲಿ ಜೋಡಿಸಿ ತಿದಿಯೊತ್ತುತ್ತಿದ್ದರು. ಕಟ್ಟಿಗೆಯ ಇಂಗಾಲವು ಕಬ್ಬಿಣವನ್ನು ಸೇರಿದಂತೆ ಅದು ಕರಗಿ ಉಕ್ಕಾಗುತ್ತಿತ್ತು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಈ ಕ್ರಮವನ್ನು ವಿವರಿಸಿದ್ದಾನೆ. ಯುರೋಪಿನಲ್ಲಿ ‘ವೂಟ್ಸ್’ ಎಂದು ಹೆಸರಾದ ಇಂತಹ ಉಕ್ಕನ್ನು ವಿಜ್ಞಾನಿ ಮೈಕೇಲ್ ಫ್ಯಾರಡೆ 1819ರಲ್ಲಿ ಪರೀಕ್ಷಿಸಿದನು. ನಮ್ಮ ‘ಉಕ್ಕು’ ಎಂಬ ಮಾತೇ ‘ವೂಟ್ಸ್’ ಆಯಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಇಂದು ತಿದಿಯ ಬದಲು ವಿದ್ಯುತ್ತು ಅಥವಾ ಅನಿಲವಿದೆ. ಶಾಖವನ್ನು ಅಳೆಯಲು ಉಷ್ಣಯುಗ್ಮವೆಂಬ ಉಪಕರಣವಿದೆ. ವಾಹನದ ಹಲ್ಲುಚಕ್ರಗಳನ್ನು ಕುಲುಮೆಯಲ್ಲಿ ಜೋಡಿಸಿ, ಸುಮಾರು 850 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಒಳತಿರುಳಿಗೂ ಬಿಸಿ ಮುಟ್ಟುವ ತನಕ ಕಾಯುತ್ತಾರೆ. ಕೂಡಲೇ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಬಹಳ ಗಡುಸಾಗುತ್ತದೆ, ಆದರೆ ಪೆಡಸೂ ಆಗುತ್ತದೆ. ಆದ್ದರಿಂದ ಮತ್ತೊಮ್ಮೆ ಕಡಿಮೆ ಬಿಸಿಯಲ್ಲಿ ಕಾಯಿಸಿ ಹದಗೊಳಿಸುತ್ತಾರೆ. ಅದೇ ಉಕ್ಕನ್ನು ಎಣ್ಣೆಯಲ್ಲಿ ಅದ್ದದೆ ಮುಚ್ಚಿದ ಕುಲುಮೆಯಲ್ಲಿಯೇ ನಿಧಾನವಾಗಿ ಆರಗೊಟ್ಟರೆ ಮೆತ್ತಗಾಗಿ, ಕೊರೆಯಲು ಸುಲಭವಾಗುತ್ತದೆ. ಕಾಯಿಸಿದ ಬಿಸಿ ಒಂದೇ. ಆರಿಸಿದ ರೀತಿ ಬೇರೆ, ಗುಣವೂ ಬೇರೆ.

ಮೂಲೆಯಲ್ಲಿದ್ದ ಒಂದು ಚಕ್ರಕ್ಕೆ ಬಿಸಿ ಸಾಲದೆ ಹೋದರೆ ಹೊರನೋಟಕ್ಕೆ ಏನೂ ತಿಳಿಯದು. ತುಂಬಿದ ಬಸ್ಸು ಘಟ್ಟವನ್ನೇರುವಾಗ ಅದರ ಹಲ್ಲು ಮುರಿದರೆ ಗತಿಯೇನು? ಅದಕ್ಕಾಗಿಯೇ ಪ್ರತಿ ಒಬ್ಬೆಯಿಂದಲೂ ಮಾದರಿಯನ್ನು ತೆಗೆದು ಗಡಸುತನವನ್ನು ಪರೀಕ್ಷಿಸುತ್ತಾರೆ. ಕುಲುಮೆಯ ಮುಂದೆ ನಿಂತ ಕೆಲಸಗಾರನು ಆ ಪ್ರಯಾಣಿಕರನ್ನು ಎಂದೂ ಕಾಣುವುದಿಲ್ಲ. ಆದರೂ ಅವರ ಪ್ರಾಣ ಅವನ ತಾಳ್ಮೆಯನ್ನು ನಂಬಿದೆ. ಬೆಂಕಿ ಹೊತ್ತಿಸುವುದು ಸುಲಭ. ಎಷ್ಟು ಕಾಯಿಸಬೇಕು, ಹೇಗೆ ಆರಿಸಬೇಕು ಎಂಬುದನ್ನು ಅರಿಯುವುದೇ ನಿಜವಾದ ವಿದ್ಯೆ.